ಮೂರು ಗೇಟ್ ಬರೆದರೆ ಒಂದೇ ಲಟ್ ಬಂತು, ಉಳಿದವು ಎಲ್ಲಿ ಹೋದವು?

ನಿಮ್ಮ ಪ್ರಶ್ನೆ ಇಷ್ಟು: ಅಡಿಕೆ ತೋಟದ ಮೋಟಾರಿಗೆ ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ನಲ್ಲಿ ಒಂದು ಆರ್ (ಯಾವುದಾದರೂ ಒಂದಿದ್ದರೆ ಸಾಕು), ಎರಡು ಆ್ಯಂಡ್ (ಎಲ್ಲವೂ ಇರಬೇಕು) ಗೇಟ್ ಬರೆದಿರಿ. ಐಸ್40 ಅನ್ನೋ ಎಫ್‌ಪಿಜಿಎ ಚಿಪ್‌ಗೆ ಸಿಂಥೆಸಿಸ್ (ಕೋಡನ್ನು ಚಿಪ್‌ನ ಭಾಗಗಳಾಗಿ ಬದಲಿಸುವುದು) ಮಾಡಿದರೆ ಯೋಸಿಸ್ ಟೂಲ್ ಒಂದೇ ಲಟ್ ತೋರಿಸಿತು. ಗೇಟ್‌ಗಳು ಬಿಟ್ಟುಹೋದವಾ ಅಂತ ಕೇಳಿದ್ದೀರಿ.

ಏನೂ ಬಿಟ್ಟುಹೋಗಿಲ್ಲ. ಎಫ್‌ಪಿಜಿಎ ಅಂದರೆ ತಯಾರಾದ ಮೇಲೂ ಒಳಗಿನ ಲಾಜಿಕ್ ನಾವೇ ಬದಲಿಸಬಹುದಾದ ಚಿಪ್. ಅದರಲ್ಲಿ ನಿಮ್ಮ ಲಾಜಿಕ್ ಗೇಟ್ ಆಗಿ ಕೂರುವುದಿಲ್ಲ, ಪುಟ್ಟ ಕೋಷ್ಟಕವಾಗಿ ಕೂರುತ್ತದೆ. ಅದೇ ಲುಕ್‌ಅಪ್ ಟೇಬಲ್, ಲಟ್. ಐಸ್40ಯಲ್ಲಿ ಒಂದು ಲಟ್‌ಗೆ 4 ಇನ್‌ಪುಟ್, ಒಳಗೆ 16 ಬಿಟ್: ನಾಲ್ಕು ಹೌದು-ಇಲ್ಲಗಳಿಂದ ಆಗುವ 16 ಸಾಲಿಗೆ ಒಂದೊಂದು ಉತ್ತರ. ನಿಮ್ಮ ಇನ್‌ಪುಟ್ ಎಣಿಸಿ: ತ್ರೀ ಫೇಸ್ ಕರೆಂಟ್ ಇದೆಯಾ, ಬಾವಿಯಲ್ಲಿ ನೀರಿದೆಯಾ, ಟೈಮರ್, ಕೈಯಲ್ಲಿ ಒತ್ತುವ ಬಟನ್. ಸರಿಯಾಗಿ ನಾಲ್ಕು! ಕರೆಂಟ್, ನೀರು ಎರಡೂ ಇದ್ದು, ಟೈಮರ್ ಆನ್ ಆಗಿದ್ದರೆ ಅಥವಾ ಬಟನ್ ಒತ್ತಿದ್ದರೆ ಮಾತ್ರ ಮೋಟಾರ್ ಓಡಬೇಕು. ಹಾಗಾಗಿ 16 ಸಾಲಿನಲ್ಲಿ 3 ಕಡೆ ಒಂದು, 13 ಕಡೆ ಸೊನ್ನೆ. ಚಿಪ್ ಆನ್ ಆದಾಗ ಆ 16 ಬಿಟ್ ತುಂಬಿಕೊಳ್ಳುತ್ತದೆ, ಅಷ್ಟೇ.

ನಾನೂ ತೀರ್ಥಹಳ್ಳಿ ಕಡೆಯವನು. ಓದುವಾಗ ಇಂಥದ್ದೇ ಪ್ರಾಜೆಕ್ಟ್‌ಗೆ ಶಿವಮೊಗ್ಗದ ದುರ್ಗಿಗುಡಿಯ ರೂಮಿನಲ್ಲಿ ಕೂತು ಎರಡು ದಿನ ಕೆ-ಮ್ಯಾಪ್ (ಲಾಜಿಕ್ ಸರಳ ಮಾಡುವ ಚೌಕಗಳ ಕೋಷ್ಟಕ) ಹಾಕಿ ಗೇಟ್ ಕಡಿಮೆ ಮಾಡಿದ್ದೆ. ಮೊದಲೂ 1 ಲಟ್, ಆಮೇಲೂ 1 ಲಟ್. ತುಂಬಾ ಬೇಜಾರಾಗಿತ್ತು. ಆದರೆ ಇಲ್ಲಿ ಎಣಿಸಬೇಕಾದ್ದು ಗೇಟ್ ಅಲ್ಲ, ಇನ್‌ಪುಟ್ ಮತ್ತು ಹಂತ (ಸಿಗ್ನಲ್ ಒಂದರ ಹಿಂದೆ ಒಂದು ಎಷ್ಟು ಲಟ್ ದಾಟಬೇಕು) ಅನ್ನೋದು ತಲೆಗೆ ಹೋಗಿದ್ದು ಆವತ್ತೇ.

ಈಗ ಮಳೆ ಸೆನ್ಸರ್ ಸೇರಿಸಿ. ಮಲೆನಾಡಲ್ಲಿ ಅದು ಬೇಕೇ ಬೇಕು, ಅಲ್ವಾ? ಇನ್‌ಪುಟ್ ಐದಾಯಿತು, ಲಟ್ ಎರಡಾಗುತ್ತದೆ. 6 ಇನ್‌ಪುಟ್ ಲಟ್ ಇರುವ ಚಿಪ್ ಆದರೆ ಒಂದೇ ಸಾಕು. ಅಲ್ಲಿ ಒಂದು ಲಟ್‌ಗೆ 64 ಬಿಟ್.

ನಿಜವಾದ ಕಸರತ್ತು ಹಂತದಲ್ಲಿದೆ. 16 ಇನ್‌ಪುಟ್‌ನ ಆ್ಯಂಡ್ ತಗೊಳ್ಳಿ. ಒಂದರ ಹಿಂದೆ ಒಂದು ಸರಪಳಿ ಥರ ಜೋಡಿಸಿದರೆ ಮೊದಲ ಲಟ್ 4 ಇನ್‌ಪುಟ್ ನುಂಗುತ್ತದೆ, ಆಮೇಲಿನವು ಮೂರು ಮೂರೇ. 5 ಲಟ್, 5 ಹಂತ. ನಾಲ್ಕು ನಾಲ್ಕರ ಗುಂಪು ಮಾಡಿ ಕೊನೆಗೆ ಒಂದರಲ್ಲಿ ಸೇರಿಸಿದರೂ 5 ಲಟ್, ಆದರೆ ಎರಡೇ ಹಂತ. ಜಾಗ ಅಷ್ಟೇ, ತಡ ಮಾತ್ರ ತುಂಬಾ ಕಡಿಮೆ. ಸರಪಳಿ ಬಿಚ್ಚಿ ಮರ ಮಾಡುವುದು ಸಿಂಥೆಸಿಸ್ ಕೆಲಸ. ಆ ಮರವನ್ನು ಲಟ್‌ಗಳಿಂದ ಮುಚ್ಚುವುದು ಟೆಕ್ನಾಲಜಿ ಮ್ಯಾಪಿಂಗ್. ಕೊಟ್ಟ ಜೋಡಣೆಗೆ ಅತಿ ಕಡಿಮೆ ಹಂತ ಹುಡುಕುವ ದಾರಿಯನ್ನು ಜೇಸನ್ ಕಾಂಗ್, ಯೂಝೆಂಗ್ ಡಿಂಗ್ 1994ರಲ್ಲಿ ಫ್ಲೋಮ್ಯಾಪ್ ಹೆಸರಲ್ಲಿ ಪ್ರಕಟಿಸಿದರು. ನನಗೆ ಇವತ್ತಿಗೂ ತುಂಬಾ ಇಷ್ಟವಾದ ಅಲ್ಗಾರಿದಂ ಅದು. ಅತಿ ಕಡಿಮೆ ಲಟ್ ಹುಡುಕುವುದು ಮಾತ್ರ ಎನ್‌ಪಿ-ಹಾರ್ಡ್, ಅಂದರೆ ದೊಡ್ಡ ಸರ್ಕ್ಯೂಟ್‌ಗೆ ಖಚಿತ ಉತ್ತರ ಬೇಗ ಹುಡುಕುವ ದಾರಿ ಯಾರಿಗೂ ಗೊತ್ತಿಲ್ಲ, ಅಲ್ಲಿ ಟೂಲ್‌ಗಳು ಅಂದಾಜಿನ ಮೇಲೇ ನಡೆಯುತ್ತವೆ.

ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ಮೊದಲಿನ ನಾಲ್ಕು ಇನ್‌ಪುಟ್ ಕೋಡಿನಲ್ಲಿ ಆರ್ ಗೇಟ್‌ನಿಂದ ಹೊರಡುವ ವೈರ್‌ಗೆ ಕೀಪ್ ಅನ್ನೋ ಆಟ್ರಿಬ್ಯೂಟ್ (ಟೂಲ್‌ಗೆ ಕೊಡುವ ಸೂಚನೆ) ಹಾಕಿ, ಮತ್ತೆ ಸಿಂಥೆಸಿಸ್ ಓಡಿಸಿ. ಆ ವೈರ್ ಚಿಪ್‌ನಲ್ಲಿ ಇರಲೇಬೇಕು ಅಂತ ಹಟ ಹಿಡಿದ ಹಾಗೆ ಅದು. ಮ್ಯಾಪರ್ ಅದನ್ನು ಲಟ್ ಒಳಗೆ ಮುಚ್ಚಿಹಾಕುವಂತಿಲ್ಲ. 1 ಲಟ್ ಇದ್ದದ್ದು 2 ಆಗುತ್ತದೆ.