ಮೂರು ವರ್ಷದ ಮಗುವಿನ ಜೊತೆ ಸಿಂಗಾಪುರ: ಗಡಿಯಾರ ಬೆಂಗಳೂರಿನದೇ ಇರಲಿ

ನಮಸ್ಕಾರ ಅಕ್ಕ. ಮೂರು ವರ್ಷದ ಮಗಳನ್ನು ಕರೆದುಕೊಂಡು ನಾಲ್ಕು ದಿನ ಸಿಂಗಾಪುರಕ್ಕೆ ಹೋಗಬೇಕು, ಅಲ್ಲಿನ ತೋಟಗಳನ್ನು ನೋಡಬೇಕು, ಮಗು ಜೊತೆ ಇದೆಲ್ಲ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ. ದಿನವನ್ನು ಮಗುವಿನ ನಿದ್ದೆ ನೋಡಿಕೊಂಡು ಕಟ್ಟಬೇಕು, ಅಷ್ಟೇ.

ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮನೆಯಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತದೆ. ಜಾಸ್ತಿ ಜನ ಮೊದಲ ದಿನವೇ ಮಗುವನ್ನು ಅಲ್ಲಿನ ಟೈಮಿಗೆ ತರಲು ಹೋಗುತ್ತಾರೆ, ಬೆಳಿಗ್ಗೆ ಬೇಗ ಎಬ್ಬಿಸುತ್ತಾರೆ, ಅದು ಮಧ್ಯಾಹ್ನವೆಲ್ಲ ರಚ್ಚೆ ಹಿಡಿಯುತ್ತದೆ, ಕೊನೆಗೆ ಒಗ್ಗಿಕೊಳ್ಳುವ ಹೊತ್ತಿಗೆ ವಾಪಸ್ ವಿಮಾನ. ನಾಲ್ಕೇ ದಿನಕ್ಕೆ ಅದು ಬೇಡ ಅಕ್ಕ, ಅವಳ ಗಡಿಯಾರ ಬೆಂಗಳೂರಿನದೇ ಇರಲಿ. ಬೆಳಿಗ್ಗೆ ಅಲ್ಲಿನ ಹತ್ತು ಹತ್ತೂವರೆಗೆ ಹೊರಗೆ ಹೊರಡಿ, ಊಟ ಮುಗಿಸಿ ರೂಮಿಗೆ ಬನ್ನಿ. ಅವಳು ಇಲ್ಲಿ ಒಂದೂವರೆಗೆ ಮಲಗುವವಳಾದರೆ ಅಲ್ಲಿ ಆಗ ನಾಲ್ಕು ಗಂಟೆ. ಸೆಕೆಯೂ ಗುಡುಗು ಮಳೆಯೂ ಜಾಸ್ತಿ ಬರುವುದು ಮಧ್ಯಾಹ್ನದ ಹೊತ್ತಿಗೇ, ಹಾಗಾಗಿ ಆಗ ರೂಮಿನಲ್ಲಿದ್ದರೆ ಏನೂ ನಷ್ಟವಿಲ್ಲ. ವರ್ಷವಿಡೀ ಅಲ್ಲಿ ಸೂರ್ಯ ಮುಳುಗುವುದು ಸುಮಾರು ಏಳಕ್ಕೆ. ಸಂಜೆ ಆರಕ್ಕೆ ಅವಳನ್ನು ಎಬ್ಬಿಸಿ ಹಾಲು ಕುಡಿಸಿ ಹೊರಟರೆ ತಂಪು ಹೊತ್ತು ಪೂರ್ತಿ ನಿಮ್ಮದು. ಗಾರ್ಡನ್ಸ್ ಬೈ ದ ಬೇಯಲ್ಲಿ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಗೋಪುರಗಳು) ಬೆಳಕಿನ ಆಟ ರಾತ್ರಿ 7:45ಕ್ಕೆ ಮತ್ತು 8:45ಕ್ಕೆ, ದುಡ್ಡಿಲ್ಲ. ಅವಳ ಲೆಕ್ಕದಲ್ಲಿ ಅದಿನ್ನೂ ಸಂಜೆ ಐದೂಕಾಲು, ಆರೂಕಾಲು, ನಿದ್ದೆಯ ಸುಳಿವೇ ಇರುವುದಿಲ್ಲ!

ಹೋಟೆಲ್ ಬುಕ್ ಮಾಡುವಾಗ ಬೆಳಗಿನ ತಿಂಡಿ ಸೇರಿಸಬೇಡಿ. ಅವರು ತಿಂಡಿ ಎತ್ತಿಡುವ ಹೊತ್ತಿಗೆ ನೀವು ಏಳುತ್ತೀರಿ, ಸುಮ್ನೆ ದುಡ್ಡು ದಂಡ.

ಉಳಿಯಲು ಲಿಟಲ್ ಇಂಡಿಯಾ ಮೆಟ್ರೊ ಸ್ಟೇಷನ್ ಹತ್ತಿರ ನೋಡಿ. ಮರೀನಾ ಬೇ ಕಡೆ ಚೆಂದ, ಆದರೆ ತುಂಬಾ ದುಬಾರಿ. ಲಿಟಲ್ ಇಂಡಿಯಾದಿಂದ ಡೌನ್‌ಟೌನ್ ಲೈನಿನಲ್ಲಿ ಒಂದು ಕಡೆಗೆ ನಾಲ್ಕನೇ ಸ್ಟೇಷನ್ ಬೇಫ್ರಂಟ್, ಅಂದರೆ ಗಾರ್ಡನ್ಸ್ ಬೈ ದ ಬೇ. ಇನ್ನೊಂದು ಕಡೆಗೆ ಮೂರನೇ ಸ್ಟೇಷನ್ ಬೊಟಾನಿಕ್ ಗಾರ್ಡನ್ಸ್. ನಿಮ್ಮ ಎರಡೂ ತೋಟ ಒಂದೇ ಲೈನಿನಲ್ಲಿ, ರೈಲು ಬದಲಾಯಿಸುವ ಗೋಜಿಲ್ಲ. ಮಧ್ಯಾಹ್ನ ಮಗುವನ್ನು ಮಲಗಿಸಲು ರೂಮಿಗೆ ವಾಪಸ್ ಬರಬೇಕಲ್ವಾ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಇಡ್ಲಿ, ದೋಸೆ, ಮೊಸರನ್ನದ ಚಿಂತೆಯೂ ಇಲ್ಲ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ, ಸುತ್ತಮುತ್ತ ಅಂಥ ಹೋಟೆಲ್ ಇನ್ನೂ ಬೇಕಾದಷ್ಟಿವೆ. ಬೇರೆ ಕಡೆ ತಿನ್ನುವುದಾದರೆ ತರಕಾರಿ ಪಲ್ಯದಂತೆ ಕಂಡರೂ ಒಣ ಸಿಗಡಿ, ಆಯ್‌ಸ್ಟರ್ (ಚಿಪ್ಪುಮೀನಿನ) ಸಾಸ್ ಹಾಕಿರುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ನಲ್ಲಿ ನೀರನ್ನೇ ಕುಡಿಯಬಹುದು, ಬಾಟಲಿ ಕೊಳ್ಳಬೇಕಿಲ್ಲ.

ಸ್ಟ್ರೋಲರ್ ಖಂಡಿತ ಒಯ್ಯಿರಿ, ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಬಸ್ಸಿನಲ್ಲೂ ಮಡಚದೆ ಹತ್ತಿಸಬಹುದು. 90 ಸೆಂ.ಮೀ. ಎತ್ತರದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಮೂರು ವರ್ಷದವರು ಸಾಮಾನ್ಯವಾಗಿ ಅದನ್ನು ದಾಟಿರುತ್ತಾರೆ, ಮನೆಯಲ್ಲೇ ಅಳೆದುಕೊಳ್ಳಿ. ರೈಲಿನೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ 500 ಡಾಲರ್ ತನಕ ಇದೆ, ಬಿಸ್ಕತ್ತೆಲ್ಲ ಹತ್ತುವ ಮೊದಲೇ ಮುಗಿಯಲಿ. ಕಾರು ಬೇಕಾದರೆ ಒಂದು ವಿಷಯ ಗಮನಿಸಿ: 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗಳಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಕಾರುಗಳಿಗೆ ಇಲ್ಲ. ಗ್ರ್ಯಾಬ್ ಅನ್ನುವ ಅಲ್ಲಿನ ಕಾರಿನ ಆ್ಯಪ್‌ನಲ್ಲಿ ಮಕ್ಕಳ ಸೀಟಿರುವ ಕಾರನ್ನೇ ಆರಿಸಿ.

ಈಗ ತೋಟಗಳು. ಬೊಟಾನಿಕ್ ಗಾರ್ಡನ್ಸ್ ಶುರುವಾದದ್ದು 1859ರಲ್ಲಿ, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಳಗೆ ಹೋಗಲು ಟಿಕೆಟ್ ಇಲ್ಲ. ರೈಲಿಳಿದರೆ ಮೊದಲು ಹತ್ತಿರವಾಗುವುದು ಜೇಕಬ್ ಬಲ್ಲಾಸ್ ಮಕ್ಕಳ ತೋಟ. ಮಗು ಜೊತೆಗಿಲ್ಲದ ದೊಡ್ಡವರನ್ನು ಅಲ್ಲಿ ಒಳಗೇ ಬಿಡುವುದಿಲ್ಲ, ಅಷ್ಟರ ಮಟ್ಟಿಗೆ ಅದು ಮಕ್ಕಳದೇ ಜಾಗ. ಅವಳನ್ನು ಅಲ್ಲಿ ಓಡಾಡಲು ಬಿಡಿ, ನೀರಾಟಕ್ಕೆ ಇನ್ನೊಂದು ಜೊತೆ ಬಟ್ಟೆ ಇರಲಿ. ಆರ್ಕಿಡ್ ತೋಟ ಒಳಗೆ ದೂರದಲ್ಲಿದೆ, ಅದಕ್ಕೆ ಮಾತ್ರ ಟಿಕೆಟ್. ಗಿಡ ಬೆಳೆಸುವ ನಮ್ಮ ಗುಂಪಿನವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ, ಹಾಗಾಗಿ ಸುಸ್ತಾದ ಮಗುವನ್ನು ಎಳೆದುಕೊಂಡು ಹೋಗುವ ಬದಲು ಒಬ್ಬರು ಅವಳ ಜೊತೆ ನಿಲ್ಲಿ, ಒಬ್ಬರು ನೋಡಿ ಬನ್ನಿ. ಗಾರ್ಡನ್ಸ್ ಬೈ ದ ಬೇಯಲ್ಲೂ ಉಚಿತ ಮಕ್ಕಳ ತೋಟವಿದೆ. ಎರಡು ಗಾಜಿನ ಮನೆಗಳಲ್ಲಿ ಒಂದನ್ನೇ ನೋಡುವುದಾದರೆ ಕ್ಲೌಡ್ ಫಾರೆಸ್ಟ್ ನೋಡಿ. 35 ಮೀಟರಿನ ಜಲಪಾತ, ಜರೀಗಿಡ, ಮಂಜು, ನಮ್ಮ ಮಲೆನಾಡಿನವರಿಗೂ ಖುಷಿ ಕೊಡುತ್ತದೆ. ಒಳಗೆ ತಂಪು, ಮಗುವಿಗೊಂದು ಸ್ವೆಟರ್ ಬೇಕು.

ಎರಡೂ ಮಕ್ಕಳ ತೋಟಗಳಿಗೆ ಸೋಮವಾರ ರಜೆ. ಆ ದಿನ ಮೃಗಾಲಯಕ್ಕೆ ಹೋಗಿ. ಅದು ದೂರ, ಅವತ್ತು ಬೇರೆ ಏನೂ ಇಟ್ಟುಕೊಳ್ಳಬೇಡಿ.

ವೀಸಾ ಮಗುವಿಗೂ ಬೇರೆಯೇ ಮಾಡಿಸಬೇಕು, ಅಧಿಕೃತ ಏಜೆಂಟರ ಮೂಲಕ. ಅರೈವಲ್ ಕಾರ್ಡ್ ಅನ್ನು ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅಲ್ಲಿನ ಇಮಿಗ್ರೇಷನ್ ಇಲಾಖೆಯ ಸೈಟಿನಲ್ಲೇ ತುಂಬಿ. ಅದು ಉಚಿತ, ದುಡ್ಡು ಕೇಳುವ ಸೈಟ್ ಸಿಕ್ಕರೆ ಮುಚ್ಚಿಬಿಡಿ. ವಿಮಾನ ನಾಲ್ಕೂವರೆ ಗಂಟೆ. ರಾತ್ರಿಯದು ಅಗ್ಗ ಸಿಗಬಹುದು, ಆದರೆ ಬೆಳಗಿನ ಜಾವ ಇಳಿದರೆ ರೂಮು ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ಹಗಲಿನದನ್ನೇ ಹುಡುಕಿ. ನವೆಂಬರ್‌ನಿಂದ ಜನವರಿವರೆಗೆ ಮಳೆ ಜಾಸ್ತಿ, ಸಾಧ್ಯವಿದ್ದರೆ ಫೆಬ್ರುವರಿ ನೋಡಿ, ಚೀನೀ ಹೊಸ ವರ್ಷದ ವಾರ ಬಿಟ್ಟು.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಿ, ಗಸಗಸೆ ಮಾತ್ರ ಬೇಡವೇ ಬೇಡ. ಸಿಂಗಾಪುರದಲ್ಲಿ ಅದು ನಿಷಿದ್ಧ ವಸ್ತು. ಗಸಗಸೆ ಹಾಕಿದ ಮಸಾಲೆಪುಡಿ, ಸಿಹಿತಿಂಡಿಯೂ ಬ್ಯಾಗಿನಲ್ಲಿ ಇರಬಾರದು. ವಾಪಸ್ ಬರುವಾಗ ಆರ್ಕಿಡ್ ಸಸಿ ತರುತ್ತೇನೆ ಅಂದಿದ್ದೀರಿ, ಅದಕ್ಕೆ ನಮ್ಮ ದೇಶದ ಆಮದು ಪರವಾನಗಿ, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಬೀಜಕ್ಕೂ ಇದೇ ನಿಯಮ. ಫೋಟೊ ತೆಗೆದು ತಳಿಯ ಹೆಸರು ಬರೆದುಕೊಂಡು ಬನ್ನಿ, ಇಲ್ಲಿನ ನರ್ಸರಿಗಳಲ್ಲಿ ಹುಡುಕೋಣ.

ಹೊರಡುವ ತಾರೀಕು ಗೊತ್ತಾದ ಮೇಲೆ ಇಲ್ಲೇ ಹಾಕಿ. ಸೋಮವಾರ ಎಲ್ಲಿ ಬೀಳುತ್ತದೆ ನೋಡಿ ನಾಲ್ಕು ದಿನವನ್ನೂ ಹೊಂದಿಸಿ ಕೊಡುತ್ತೇನೆ.