ಕೈ ನೋಡಿ ಕಾಯಿಲೆ ಹೇಳಬೇಡಿ

ಆತ್ಮೀಯರೆ,

ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಖಿನ್ನತೆಗೆ, ಒಮ್ಮೆ ಮೇನಿಯಾ ಎಂಬ ಅತಿ ಉದ್ವೇಗಕ್ಕೆ ಹೋಗುವ ಕಾಯಿಲೆ) ಮತ್ತು ಕೈಗಳ ಚಲನೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮಿದುಳಿನ ಬಲಭಾಗ ಎಡಗೈಯನ್ನು ಆಡಿಸುತ್ತದೆ, ಎಡಭಾಗ ಬಲಗೈಯನ್ನು ಎಂದು ಶುರು ಮಾಡಿದ್ದೀರಿ. ಅದು ಸರಿ. ಅಲ್ಲಿಂದ ಒಂದೇ ನೆಗೆತಕ್ಕೆ, ಯಾವ ಕೈ ಜಾಸ್ತಿ ಆಡುತ್ತದೆ ಎಂದು ನೋಡಿ ಮನೆಯವರೇ ಕಾಯಿಲೆ ಗುರುತಿಸಬಹುದು ಅಂತೀರಿ. ಇದು ಅಪಾಯ. ಸಂಶೋಧಕರು ಮಣಿಕಟ್ಟಿಗೆ ಸಾಧನ ಕಟ್ಟಿ ಚಲನೆ ಅಳೆಯುವುದು ನಿಜ. ಆದರೆ ಅವರು ಹೋಲಿಸುವುದು ಗುಂಪುಗಳ ಸರಾಸರಿಯನ್ನು. ಎದುರಿಗೆ ಕೂತ ಒಬ್ಬರ ಬಗ್ಗೆ ಆ ಸರಾಸರಿ ಏನೂ ಹೇಳದೇ ಇರಬಹುದು. ಅವರು ಎಡಚರಿರಬಹುದು, ಭುಜ ನೋಯುತ್ತಿರಬಹುದು, ಸುಮ್ನೆ ಅಭ್ಯಾಸವೂ ಇರಬಹುದು.

ನಿಮ್ಮ ಲೇಖನದಲ್ಲಿ ಮಾತ್ರೆಗಳ ಸುದ್ದಿಯೇ ಇಲ್ಲ. ಇದೇ ನನಗೆ ಕಂಡ ದೊಡ್ಡ ಕೊರತೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಮೇನಿಯಾಕ್ಕೆ ಲಿಥಿಯಂ ಉಪಯೋಗವಾಗುತ್ತದೆ ಎಂದು ತೋರಿಸಿದರು. ಇವತ್ತಿಗೂ ಅದು ಮುಖ್ಯ ಔಷಧ. ಅದರಿಂದ ಕೈಗಳಲ್ಲಿ ಸಣ್ಣ ನಡುಕ ಬರಬಹುದು. ವ್ಯಾಲ್‌ಪ್ರೋಯೇಟ್‌ ಎಂಬ ಇದೇ ಕಾಯಿಲೆಯ ಇನ್ನೊಂದು ಔಷಧದಿಂದಲೂ ಬರಬಹುದು. ಕೆಲವು ಮನೋರೋಗದ ಔಷಧಗಳು ಪಾರ್ಕಿನ್ಸನ್ ಬಂದಂತೆ ಕೈಕಾಲು ಬಿಗಿಯುವ ಹಾಗೆ ಮಾಡುತ್ತವೆ. ಹೀಗಿರುವಾಗ ಚಲನೆಯಲ್ಲಿ ಕಾಣುವ ವ್ಯತ್ಯಾಸ ಕಾಯಿಲೆಯದೋ ಮಾತ್ರೆಯದೋ? ಮನೆಯಲ್ಲಿ ಕೂತು ಯಾರು ಹೇಳಬಲ್ಲರು? ಇನ್ನೂ ಒಂದು ಸಾಲು ಬರಲೇಬೇಕು: ಲಿಥಿಯಂ ತೆಗೆದುಕೊಳ್ಳುವವರಿಗೆ ನಡುಕ ಜೋರಾಗಿ, ವಾಂತಿ ಬಂದು, ನಡಿಗೆ ತೂರಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಲಿಥಿಯಂ ಮಿತಿ ಮೀರಿರಬಹುದು.

‘ಬಲ ಮಿದುಳಿನ ಕಲಾವಿದರು’ ಎಂಬ ಇಡೀ ಪುಟ ತೆಗೆದುಬಿಡಿ. ಕೆಲವರಲ್ಲಿ ಬಲ ಮಿದುಳೇ ಮೇಲುಗೈ, ಅವರೇ ಕಲಾವಿದರು ಎಂಬ ಮಾತಿಗೆ ಆಧಾರವಿಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1011 ಜನರ ಮಿದುಳಿನ ಸ್ಕ್ಯಾನ್ ನೋಡಿದರು. ಒಟ್ಟಾರೆ ಎಡ ಅಥವಾ ಬಲ ಮಿದುಳೇ ಮೇಲುಗೈ ಆಗಿರುವ ಜನ ಅವರಿಗೆ ಸಿಗಲಿಲ್ಲ. ಅದರ ಬದಲು, ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಮೇಲೆ ಕೆಲವರಿಗೆ ಮೇನಿಯಾ ಕಾಣಿಸಿಕೊಂಡದ್ದನ್ನು ವೈದ್ಯರು ದಾಖಲಿಸಿದ್ದಾರಲ್ಲ, ಅದರ ಬಗ್ಗೆ ಬರೆಯಿರಿ. ಮಾತು ಅಳತೆ ಮೀರದಿರಲಿ, ಅಷ್ಟೇ.

ನಿಮ್ಮ ಬರಹಕ್ಕೆ ನಿಜವಾಗಿ ಜೀವ ಬರುವುದು ಐದನೇ ಪ್ಯಾರಾದಲ್ಲಿ. ಖಿನ್ನತೆಯ ದಿನಗಳಲ್ಲಿ ನಿಮ್ಮ ತಮ್ಮ ಅಂಗಿಯ ಗುಂಡಿ ಹಾಕಲು ಕಷ್ಟಪಡುತ್ತಿದ್ದದ್ದು, ಮೇನಿಯಾ ಬಂದಾಗ ರಾತ್ರಿಯಿಡೀ ಹಜಾರದಲ್ಲಿ ಓಡಾಡುತ್ತಿದ್ದದ್ದು. ಮನಸ್ಸಿನ ಕಾಯಿಲೆ ದೇಹವನ್ನೂ ನಿಧಾನಿಸುತ್ತದೆ, ಓಡಿಸುತ್ತದೆ. ಇದನ್ನು ವೈದ್ಯರೂ ಲಕ್ಷಣ ಎಂದೇ ನೋಡುತ್ತಾರೆ. ನೆರೆಹೊರೆಯವರು ಅದನ್ನೇ ಸೋಮಾರಿತನ, ಕೊಬ್ಬು ಅನ್ನುತ್ತಾರೆ, ಅಲ್ವಾ? ನೀವು ಅವರಿಗಾಗಿ ಬರೆಯಬೇಕು. ಲೇಖನ ಇಲ್ಲಿಂದಲೇ ಶುರುವಾಗಲಿ. ವಿಜ್ಞಾನದ ಭಾಗವನ್ನು ಒಬ್ಬ ಮನೋವೈದ್ಯರಿಗೆ ತೋರಿಸಿ.

ಅದಕ್ಕೂ ಮೊದಲು ಆ ಪ್ಯಾರಾವನ್ನು ತಮ್ಮನಿಗೆ ಓದಿ ಹೇಳಿ. ಅವರು ಬೇಡ ಅಂದರೆ ಕಳಿಸಬೇಡಿ. ಒಪ್ಪಿದರೆ, ಗುರುತು ಸಿಗುವ ವಿವರ ಬದಲಿಸಿ ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ