ಎರಡು ಸಲ ಕಾಣದ ಯೀಸ್ಟ್ ಮೂರನೆಯ ರಕ್ತ ಕಲ್ಚರ್‌ನಲ್ಲಿ ಹೇಗೆ ಬಂತು?

ಕರುಳಿನ ಶಸ್ತ್ರಚಿಕಿತ್ಸೆಯಾಗಿ ನಿಮ್ಮ ತಂದೆಯವರು 16 ದಿನಗಳಿಂದ ಐಸಿಯುನಲ್ಲಿದ್ದಾರೆ, ಆ್ಯಂಟಿಬಯಾಟಿಕ್ ಬದಲಿಸಿದರೂ ಜ್ವರ ಇಳಿದಿಲ್ಲ, ರಕ್ತವನ್ನು ಪೋಷಕ ದ್ರವದ ಬಾಟಲಿಯಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಎರಡು ರಕ್ತ ಕಲ್ಚರ್‌ಗಳಲ್ಲಿ ಏನೂ ಬೆಳೆಯದೆ ಮೂರನೆಯದರಲ್ಲಿ ಮಾತ್ರ ಯೀಸ್ಟ್ ಎಂಬ ಶಿಲೀಂಧ್ರ ಬಂದಿದೆ ಎಂದು ಬರೆದಿದ್ದೀರಿ. ಮೊದಲ ವರದಿಗಳು ತಪ್ಪೇ, ಇಲ್ಲವೇ ಮೂರನೆಯ ಬಾಟಲಿಗೆ ಹೊರಗಿನಿಂದ ಏನಾದರೂ ಸೇರಿತೇ, ಈಗ ದಿನ ಬಿಟ್ಟು ದಿನ ರಕ್ತ ತೆಗೆಯುತ್ತಿರುವುದೇಕೆ ಎಂದು ಕೇಳಿದ್ದೀರಿ. ನಾನು 14 ವರ್ಷಗಳಿಂದ ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇದೇ ಬಾಟಲಿಗಳನ್ನು ನೋಡಿಕೊಳ್ಳುವವಳು. ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದು. ಬಾಟಲಿಯೊಳಗೆ ನಡೆಯುವುದನ್ನು ನಾನು ಹೇಳಬಲ್ಲೆ.

ಹೊರಗಿನಿಂದ ಸೇರಿರಬಹುದೆಂಬ ಅನುಮಾನವನ್ನು ದಯವಿಟ್ಟು ಬಿಟ್ಟುಬಿಡಿ. ಚರ್ಮದ ಮೇಲಿನ ಕೆಲವು ಬ್ಯಾಕ್ಟೀರಿಯಾಗಳು ಸೂಜಿಯ ಜೊತೆ ಬಾಟಲಿಗೆ ಇಳಿಯುವುದುಂಟು. ಅವು ಒಂದೇ ಬಾಟಲಿಯಲ್ಲಿ ಬೆಳೆದರೆ ನಾವೂ ಎರಡು ಸಲ ಯೋಚಿಸುತ್ತೇವೆ. ಐಸಿಯು ರೋಗಿಗಳ ರಕ್ತದಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾಂಡಿಡಾ ಎಂಬ ಯೀಸ್ಟಿನ ವಿಷಯದಲ್ಲಿ ಹಾಗಿಲ್ಲ. ಹತ್ತು ಬಾಟಲಿಗಳಲ್ಲಿ ಒಂದರಲ್ಲಿ ಬೆಳೆದರೂ ಅದನ್ನು ನಿಜವಾದ ಸೋಂಕೆಂದೇ ಹಿಡಿದು ಚಿಕಿತ್ಸೆ ಶುರುಮಾಡಬೇಕು. ನಿಮ್ಮ ವೈದ್ಯರು ಅದನ್ನೇ ಮಾಡಿದ್ದಾರೆ.

ಹಾಗಾದರೆ ಮೊದಲೆರಡು ಬಾಟಲಿಗಳಲ್ಲಿ ಏಕೆ ಸಿಗಲಿಲ್ಲ? ಬ್ಯಾಕ್ಟೀರಿಯಾದ ಹಾಗೆಯೇ ಯೀಸ್ಟ್ ಕೂಡ ರಕ್ತದಲ್ಲಿ ಬಹಳ ವಿರಳವಾಗಿರುತ್ತದೆ. ಎಷ್ಟೋ ರೋಗಿಗಳಲ್ಲಿ ಒಂದು ಎಂಎಲ್ ರಕ್ತಕ್ಕೆ ಒಂದು ಕೋಶವೂ ಇರುವುದಿಲ್ಲ. ಕೆರೆಯಲ್ಲಿ ಬೆರಳೆಣಿಕೆಯ ಮೀನುಮರಿಗಳಿದ್ದಾಗ ಒಂದು ಚೊಂಬು ನೀರು ಮೊಗೆದು ನೋಡಿದಂತೆ ಇದು. ಹೆಚ್ಚು ನೀರು ಮೊಗೆದಷ್ಟೂ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೇ ದೊಡ್ಡವರಿಗೆ ಪ್ರತಿ ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು. ಎರಡು ಬಾಟಲಿ ಸೇರಿದರೆ ಒಂದು ಸೆಟ್. ಬೇರೆ ಬೇರೆ ಜಾಗದಿಂದ ಎರಡು ಮೂರು ಸೆಟ್ ತೆಗೆಯುವುದು ಸರಿಯಾದ ಕ್ರಮ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ದೇಹದಲ್ಲಿ ಆಳವಾಗಿ ಬೇರೂರಿದ ಕ್ಯಾಂಡಿಡಾ ಸೋಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಕ್ತ ಕಲ್ಚರ್‌ಗೆ ಸಿಗದೆ ಹೋಗುತ್ತವೆ. ಯೀಸ್ಟ್ ಯಕೃತ್ತಿನಲ್ಲೋ ಹೊಟ್ಟೆಯ ಕೀವಿನಲ್ಲೋ ಕುಳಿತಿದ್ದು, ರಕ್ತಕ್ಕೆ ಆಗಾಗ ಮಾತ್ರ ಇಳಿಯುವುದೂ ಇದೆ. ಹೀಗಾಗಿ ‘ಬೆಳೆದಿಲ್ಲ’ ಎಂಬ ವರದಿಯನ್ನು ‘ಇಲ್ಲ’ ಎಂದು ಓದಬಾರದು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡೂವರೆಗೆ ಬಾಟಲಿಗಳನ್ನಿಡುವ ಯಂತ್ರ ಕೂಗಿತು. ಬಾಟಲಿಯ ತಳದಲ್ಲಿ ಒಂದು ಬಣ್ಣದ ಬಿಲ್ಲೆ ಇರುತ್ತದೆ. ಒಳಗೆ ಏನಾದರೂ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಅದು ಹಳದಿಗೆ ತಿರುಗುತ್ತದೆ, ಯಂತ್ರ ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡುತ್ತಲೇ ಇರುತ್ತದೆ. ಬಾಟಲಿಯಿಂದ ಒಂದು ಹನಿ ತೆಗೆದು ಸ್ಲೈಡ್ ಮೇಲೆ ಹರಡಿ, ಜೀವಿಗಳು ಎದ್ದು ಕಾಣುವಂತೆ ಗ್ರಾಂ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಬ್ಯಾಕ್ಟೀರಿಯಾ ಆಗಿದ್ದರೆ ಸಣ್ಣ ಚುಕ್ಕಿಗಳೋ ಕಡ್ಡಿಗಳೋ ಕಾಣಬೇಕಿತ್ತು. ಅಲ್ಲಿದ್ದದ್ದು ಅವಕ್ಕಿಂತ ಎಷ್ಟೋ ದೊಡ್ಡದಾದ, ಕಡುನೇರಳೆ ಬಣ್ಣದ, ಮೊಟ್ಟೆಯಾಕಾರದ ಕೋಶಗಳು. ಕೆಲವಕ್ಕೆ ಕೆಸುವಿನ ಗೆಡ್ಡೆಗೆ ಮರಿಗೆಡ್ಡೆ ಅಂಟಿಕೊಂಡ ಹಾಗೆ ಪಕ್ಕದಲ್ಲೊಂದು ಪುಟ್ಟ ಮೊಗ್ಗು. ಬೆಳಗಾಗಲೆಂದು ಕಾಯದೆ ಐಸಿಯುಗೆ ಫೋನ್ ಮಾಡಿದೆ. ಯೀಸ್ಟ್ ಕಂಡಾಗ ಒಂದು ದಿನ ತಡವಾದರೂ ರೋಗಿಗೆ ಬಹಳ ನಷ್ಟ.

ಅದೇ ರೋಗಿಯ ಬಾಟಲಿಗಳು ನಾಲ್ಕು ದಿನ ಮೊದಲೂ ಬಂದಿದ್ದವು. ಬೆಳಕಿಗೆ ಹಿಡಿದಾಗ ಪಕ್ಕದ ಗೆರೆಗಳಲ್ಲಿ ಮೂರು ಎಂಎಲ್ ಕೂಡ ಸರಿಯಾಗಿ ಏರಿರಲಿಲ್ಲ. ಮನೆಯವರು ‘ಅವರೇ ಸೊರಗಿದ್ದಾರೆ, ಇನ್ನೆಷ್ಟು ರಕ್ತ ಎಳೆಯುತ್ತೀರಿ’ ಎಂದು ಅತ್ತಿದ್ದರಂತೆ, ನರ್ಸ್‌ಗೂ ಮನಸ್ಸು ಬಂದಿರಲಿಲ್ಲ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 10 ಎಂಎಲ್ ಎಂದರೆ ಎರಡು ಟೀ ಚಮಚ. ಅದನ್ನು ಉಳಿಸಲು ಹೋಗಿ ನಾಲ್ಕು ದಿನ ಕಳೆದುಕೊಂಡೆವು ಎಂಬುದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ನಿಮ್ಮ ತಂದೆಯವರ ಮೊದಲ ಬಾಟಲಿಗಳಲ್ಲಿ ಹೀಗೆಯೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ತುಂಬಿದ ಬಾಟಲಿಯಲ್ಲೂ ತಪ್ಪಿಸಿಕೊಳ್ಳುವ ಜೀವಿ ಇದು.

ಸಮಯದ ಮಾತೂ ಇದೆ. ಬಾಟಲಿಗಳನ್ನು ಸಾಮಾನ್ಯವಾಗಿ 5 ದಿನ ಇಡುತ್ತೇವೆ. ಕ್ಯಾಂಡಿಡಾ ಬಹುತೇಕ ಒಂದರಿಂದ ಮೂರು ದಿನಗಳೊಳಗೆ ಸುಳಿವು ಕೊಡುತ್ತದೆ, ಅದರ ಗ್ಲಾಬ್ರಾಟಾ ಎಂಬ ಪ್ರಭೇದ ಮಾತ್ರ ನಿಧಾನ. ಅಷ್ಟರಲ್ಲಿ ಬರುವ ವರದಿ ಬರೀ ‘ಯೀಸ್ಟ್’. ಹೆಸರು ತಿಳಿಯಲು ಅದನ್ನು ತಟ್ಟೆಗಳ ಮೇಲೆ ಮತ್ತೆ ಬೆಳೆಸಬೇಕು. ಬಣ್ಣ ಬರುವ ಮಾಧ್ಯಮದಲ್ಲಿ ಆಲ್ಬಿಕನ್ಸ್ ಎಂಬ ಪ್ರಭೇದ ಹಸಿರಾಗಿ, ಟ್ರಾಪಿಕಾಲಿಸ್ ಎಂಬುದು ನೀಲಿಯಾಗಿ ಬೆಳೆಯುತ್ತವೆ. ಹಳೆಯ ಪರೀಕ್ಷೆಯೊಂದನ್ನು ನಾನು ಈಗಲೂ ಇಷ್ಟಪಟ್ಟು ಮಾಡುತ್ತೇನೆ: ಯೀಸ್ಟನ್ನು ಸ್ವಲ್ಪ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಕಲಸಿ 37 ಡಿಗ್ರಿಯಲ್ಲಿಟ್ಟರೆ, ಎರಡು ಮೂರು ಗಂಟೆಗಳಲ್ಲಿ ಆಲ್ಬಿಕನ್ಸ್ ಹೆಸರುಕಾಳಿನಂತೆ ಮೊಳಕೆಯೊಡೆಯುತ್ತದೆ.

ಹೆಸರು ಮುಖ್ಯ. ಭಾರತದ 27 ಐಸಿಯುಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 1400 ರೋಗಿಗಳನ್ನು ನೋಡಿದಾಗ, ಹೆಚ್ಚು ಸಿಕ್ಕದ್ದು ಆಲ್ಬಿಕನ್ಸ್ ಅಲ್ಲ, ಟ್ರಾಪಿಕಾಲಿಸ್. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಮೊದಲು ವಿವರಿಸಲಾದ ಕ್ಯಾಂಡಿಡಾ ಆರಿಸ್ ಕೂಡ ಈಗ ನಮ್ಮ ಐಸಿಯುಗಳಲ್ಲಿದೆ. ಅದಕ್ಕೆ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ ಬಹುಮಟ್ಟಿಗೆ ನಾಟುವುದಿಲ್ಲ, ಹಾಸಿಗೆಯಿಂದ ಹಾಸಿಗೆಗೆ ಹರಡುತ್ತದೆ, ಹೆಸರು ಗುರುತಿಸುವ ಹಳೆಯ ಯಂತ್ರಗಳು ಅದನ್ನು ಬೇರೆ ಹೆಸರಿನಿಂದ ವರದಿ ಮಾಡಿದ್ದೂ ಇದೆ. ನಿಮ್ಮ ತಂದೆಯವರ ಯೀಸ್ಟಿಗೆ ಯಾವ ಹೆಸರು ಬಂತು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ರಕ್ತದಲ್ಲಿ ಬೀಟಾ ಡಿ ಗ್ಲೂಕನ್ ಎಂಬ ಶಿಲೀಂಧ್ರದ ಗೋಡೆಯ ಅಂಶವನ್ನು ಹುಡುಕುವ ಪರೀಕ್ಷೆಯೂ ಇದೆ. ಅದು ಬೇಗ ಉತ್ತರ ಕೊಡುತ್ತದೆ, ಆದರೆ ಡಯಾಲಿಸಿಸ್ ಆದವರಲ್ಲಿ, ಶಸ್ತ್ರಚಿಕಿತ್ಸೆಯ ಗಾಜ್ ಬಟ್ಟೆ ತಾಗಿದವರಲ್ಲಿ ಸೋಂಕಿಲ್ಲದೆಯೂ ಏರಬಹುದು. ಯೀಸ್ಟಿನ ಹೆಸರನ್ನಾಗಲಿ ಔಷಧಿಯನ್ನಾಗಲಿ ಹೇಳಲಾರದು.

ಈಗ ಮತ್ತೆ ಮತ್ತೆ ರಕ್ತ ತೆಗೆಯುತ್ತಿರುವುದು ಯೀಸ್ಟ್ ಯಾವ ದಿನ ಖಾಲಿಯಾಯಿತು ಎಂದು ತಿಳಿಯಲು. ಕಲ್ಚರ್‌ನಲ್ಲಿ ಮೊದಲ ಬಾರಿ ಏನೂ ಬೆಳೆಯದ ದಿನದಿಂದ ಎಣಿಸಿ, ಬೇರೆಡೆ ಸೋಂಕು ನೆಲೆಸದಿದ್ದರೆ, ಕನಿಷ್ಠ 14 ದಿನ ಔಷಧಿ ಕೊಡುತ್ತಾರೆ. ಆ ದಿನ ಗೊತ್ತಾಗದಿದ್ದರೆ ಲೆಕ್ಕ ಎಲ್ಲಿಂದ ಹಿಡಿಯುವುದು? ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಕೊಳವೆ ತೆಗೆಯುವ ಮಾತು ಬಂದರೆ ಗಾಬರಿಯಾಗಬೇಡಿ, ಯೀಸ್ಟ್ ಆ ಕೊಳವೆಗೆ ಪಾಚಿಯಂತೆ ಹತ್ತಿಕೊಳ್ಳುತ್ತದೆ. ಕಣ್ಣಿನ ವೈದ್ಯರು ಬಂದು ನೋಡಿದರೂ ಅಚ್ಚರಿಪಡಬೇಡಿ, ರಕ್ತದಿಂದ ಅದು ಕಣ್ಣಿನ ಒಳಪದರಕ್ಕೆ ಹೋಗಿ ಕೂರಬಲ್ಲದು. ಎರಡೂ ಆಗಿಲ್ಲವೆಂದರೆ ನೀವೇ ವಿನಯದಿಂದ ಕೇಳಿ.

ನಾಳೆ ನರ್ಸ್ ಬಾಟಲಿ ಹಿಡಿದು ಬಂದಾಗ ತಡೆಯಬೇಡಿ. ಪೂರ್ತಿ ಪ್ರಮಾಣ ತೆಗೆಯಲು ಹೇಳಿ. ಯೀಸ್ಟಿನ ಹೆಸರು ಬಂದ ಕೂಡಲೇ ಇಲ್ಲಿ ಬರೆಯಿರಿ, ವರದಿಯ ಸಾಲುಗಳನ್ನು ಒಟ್ಟಿಗೆ ಓದೋಣ.